ಹೆಸರಿಡದ ಸೆರಗು

ಕಂಪ್ಯೂಟರಿಗೆ ನಲವತ್ತೆಂಟು ಸಾವಿರ, ಇನ್ವರ್ಟರಿಗೆ ಇಪ್ಪತ್ತೆರಡು ಸಾವಿರ, ಆ್ಯಂಟಿವೈರಸ್ಸಿಗೆ ವರ್ಷಕ್ಕೆ ಎಂಟುನೂರು. ಬನಹಟ್ಟಿಯಲ್ಲಿ ಸೀರೆಗಳ ನಕ್ಷೆ ಬರೆಯುವ ಶೈಲಾ ಕಣ್ಣುಮುಚ್ಚಿ ನಂಬಿದ್ದು ಆ ಎಂಟುನೂರನ್ನೇ. ನಕ್ಷೆ ಹೊತ್ತು ಮಗ್ಗದಿಂದ ಮಗ್ಗಕ್ಕೆ ತಿರುಗುವ ಪೆನ್‌ಡ್ರೈವ್ ಯಾರೇ ತರಲಿ, ಮೊದಲು ತಪಾಸಣೆ, ಆಮೇಲೆ ಮಾತು.

ನೇಕಾರ ಪಾಂಡಪ್ಪ ತಂದದ್ದನ್ನೂ ಹಾಗೆಯೇ ಸಿಕ್ಕಿಸಿದಳು. ಅವನ ಸೀರೆಗೆಂದು ನಾಲ್ಕು ದಿನ ಕೂತು ಬರೆದ ಸೆರಗು ಪರದೆಯ ಮೇಲೆ ಮುಗಿದು ನಿಂತಿತ್ತು. ಆದರೆ ಅದನ್ನಿನ್ನೂ ಉಳಿಸಿರಲಿಲ್ಲ. ನೇಯುವವರು ಕಣ್ಣಾರೆ ನೋಡಿ ಹೆಸರಿಡುವ ತನಕ ನಕ್ಷೆಗೆ ಹೆಸರಿಲ್ಲ ಎಂಬುದು ಮಾವ ಶಿದ್ರಾಮಪ್ಪನವರು ಹಾಕಿಕೊಟ್ಟ ರೂಢಿ. ಹೆಸರು ಕೊಡದೆ ಕಂಪ್ಯೂಟರ್ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ನಾಲ್ಕೂ ದಿನ ಅದನ್ನು ಆರಿಸಿರಲಿಲ್ಲ. ತೀರಿಹೋದ ಮಾವ ಕಾಗದದ ಮೇಲೆ ಬರೆದಿದ್ದ ಸೀರೆಯಂಚಿನ ದಡಿಗಳನ್ನು ಶೈಲಾ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕಾಗದಗಳನ್ನು ಗೆದ್ದಲು ತಿಂದಿತ್ತು. ಈಗ ಅವು ಇದ್ದದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

ಫೋನು ಬಂತು. ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮೃಣ್ಮಯಿ.

"ಶೈಲಕ್ಕಾ, ಯಾರದೂ ಪೆನ್‌ಡ್ರೈವ್ ಹಾಕಬ್ಯಾಡ್ರಿ. ಆ ಆ್ಯಂಟಿವೈರಸ್ಸಿನಾಗ ತೂತು ಅದ ಅಂತ. ಕಳ್ಳ ಫೈಲ ಬಿಚ್ಚಿ ನೋಡಾಕ ಹೋದ್ರ, ಅದು ಇದರ ಕೈಯಾಗಿನ ಕೀಲಿನ ಕಸಗೊಂಡು ಒಳಗ ಬರತದ. ರಬಕವಿಯೊಳಗ ಇವತ್ತ ಎರಡು ಅಂಗಡಿ ಹೋದ್ವು."

"ಹಾಕೇನಲ್ಲ," ಎಂದಳು ಶೈಲಾ. "ಆ್ಯಂಟಿವೈರಸ್ ನೋಡಾಕತ್ತೈತಿ."

"ಕರೆಂಟಿನ ವೈರ್ ಕೀಳ್ರಿ ಹಂಗಾದ್ರ."

ತಪಾಸಣೆ ಅರ್ಧದಲ್ಲಿ ನಿಂತಿತ್ತು. ಪೆಟ್ಟಿಗೆಯ ಫ್ಯಾನು ಜೋರಾಗಿ ತಿರುಗತೊಡಗಿತು. ಪರದೆಯ ಅಂಚಿನಲ್ಲಿ ಸಾಲಾಗಿದ್ದ ಮಾವನ ದಡಿಗಳ ಪುಟ್ಟ ಚಿತ್ರಗಳಲ್ಲಿ ಮೊದಲನೆಯದು ಬಿಳಿ ಚೌಕವಾಯಿತು.

"ಪಾಂಡಪ್ಪಣ್ಣ, ಉಳಸದ ವೈರ್ ಕಿತ್ರ ಸೆರಗು ಹೋಗತೈತಿ, ಹೆಸರ ಹೇಳ್ರಿ. ಲಗೂನ."

"ತಡಿಯವಾ, ಹಿಂಗ ಒಮ್ಮೆಲೆ ಅಂದ್ರ ಹೆಂಗ? ನಮ್ಮಾಕಿ ಹಣಮವ್ವನ ಕೇಳಬೇಕ. ಮನ್ಯಾಗ ಎಮ್ಮಿ ಕರಕ್ಕೂ ಆಕೀನ ಹೆಸರಿಡಾಕಿ."

ಎರಡನೆಯದೂ ಬೆಳ್ಳಗಾಯಿತು. ಶೈಲಾ ಕೈಗೆ ಬಂದ ಎರಡು ಅಕ್ಷರವನ್ನೇ ಹೆಸರೆಂದು ಒತ್ತಿದಳು. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತ ಕೂತಿತು.

"ಉಳೀತೇನ?"

"ಉಳ್ಯಾಕತ್ತೈತಿ."

ಮೂರನೆಯದು ಹೋಯಿತು. ಕಣ್ಣು ಮಂಜಾದ ಮೇಲೆ ಮಾವ ಬೆರಳಿನಿಂದ ಚೌಕ ತಡವಿ ತಡವಿ ಬರೆದ ದಡಿ ಅದು. ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಶೈಲಾ ಮೇಜಿನ ಕೆಳಗೆ ಬಗ್ಗಿ ವೈರು ಕಿತ್ತಳು.

ಓಣಿಯ ಮಗ್ಗಗಳ ಸದ್ದಷ್ಟೇ ಉಳಿಯಿತು.

"ನನ್ನ ಪೆನ್‌ಡ್ರೈವಿನ್ಯಾಗಿಂದ ಬಂತೇನವಾ?"

"ಅದರಾಗ ಇತ್ತು. ಬಾಗಲಾ ತಗದಾಕಿ ನಾನು."

"ನಾಕ ದಿನದ ಕೆಲಸ?"

"ಹೋತ್ರಿ."

ಪಾಂಡಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಮತ್ತ ಬರದ್ರ ಇದ ಬರತೈತೇನ?"

"ಇಂಥಾದ್ದ ಬರತೈತಿ. ಇದ ಬರೂದಿಲ್ಲ."

ಮರುದಿನ ಮೃಣ್ಮಯಿ ಬಂದು, ಪೆಟ್ಟಿಗೆಯೊಳಗಿನ ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ ನೋಡಿದಳು. ಮಾವನ ಮೂರು ದಡಿಗಳು ಹೋಗಿದ್ದವು, ಉಳಿದವು ಉಳಿದಿದ್ದವು. ಪಾಂಡಪ್ಪನ ಸೆರಗು ಎಲ್ಲಿಯೂ ಇರಲಿಲ್ಲ. ಅವನ ಮಗ್ಗ ಆ ವಾರವೆಲ್ಲ ಬರಿಯ ಹಾಸುನೂಲು ಏರಿಸಿಕೊಂಡು, ನೇಯ್ಗೆಯಿಲ್ಲದೆ ನಿಂತಿತ್ತು.