ಸಾಕ್ಷಿಗೆ ಇಟ್ಟ ಡಬ್ಬಿ

ಟಿಕ್.

ನಡುಮನೆಯ ಬೀರುವಿನ ಹಿಂದಿನಿಂದ ಆ ಸಣ್ಣ ಸದ್ದು ಬಂದರೆ ಸಾಕು, ಕೋಣೆಯಲ್ಲಿ ಮಲಗಿದ್ದವಳ ಹೊಟ್ಟೆಗೆ ಹಾಲೆರೆದಂತಾಗುತ್ತಿತ್ತು. ಹೊದಿಕೆ ಎಳೆದುಕೊಂಡರೆ ಮುಗಿಯಿತು, ಕೂಡಲೇ ನಿದ್ದೆ. ಇವತ್ತು ಮಾತ್ರ ಸದ್ದು ಕೇಳಿದ ಮೇಲೂ ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು.

ಹಾಸಿಗೆ, ಸೋಫಾ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವಳದು ಪರದೆ ನೋಡಿಕೊಳ್ಳುವ ಕೆಲಸ. ಪ್ರತಿ ಮಹಡಿಯಲ್ಲೂ ಆಳೆತ್ತರದ ಜಾಹೀರಾತು ಪರದೆಗಳು. ಒಂದೊಂದರ ಪ್ಲಗ್ಗಿಗೂ ಒಂದೊಂದು ಸ್ವಿಚ್ ಡಬ್ಬಿ. ಮನೆಯಲ್ಲಿ ಕೂತು ಫೋನ್ ಒತ್ತಿದರೆ ಅಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ. ಅಂಗಡಿ ಮುಚ್ಚಿದ ಮೇಲೆ ಎಲ್ಲವೂ ತಾವಾಗಿ ಆರುವಂತೆ ಅವಳು ಹೊತ್ತು ಗೊತ್ತುಮಾಡಿದ್ದಳು. ಆರಿದವು ಎಂದು ಫೋನ್ ಹೇಳುತ್ತಲೂ ಇತ್ತು. ಆದರೆ ಗ್ಯಾಸ್ ಆರಿಸಿ ಬಂದ ತನ್ನ ಕೈಯನ್ನೇ ನಂಬದೆ ಮತ್ತೆ ಅಡುಗೆಮನೆಗೆ ಹೋಗಿ ನೋಡುವವಳು ಫೋನಿನ ಮಾತು ನಂಬುತ್ತಾಳೆಯೇ? ಯಾರನ್ನೂ ಕೇಳದೆ, ಮಿಕ್ಕಿದ್ದ ಒಂದು ಡಬ್ಬಿಯನ್ನು ಮನೆಗೆ ತಂದು ಬೀರುವಿನ ಹಿಂದೆ ಸಿಕ್ಕಿಸಿದಳು. ಅದನ್ನೂ ಅಂಗಡಿಯ ಡಬ್ಬಿಗಳ ಗುಂಪಿಗೆ ಸೇರಿಸಿದಳು. ಗುಂಪಿನಲ್ಲಿ ಒಂದು ಆರಿದರೆ ಎಲ್ಲವೂ ಆರಬೇಕು, ಒಂದು ಹೊತ್ತಿದರೆ ಎಲ್ಲವೂ ಹೊತ್ತಬೇಕು. ಇಲ್ಲಿ ಟಿಕ್ ಎಂದರೆ ಅಲ್ಲಿಯೂ ಕತ್ತಲೆ. ಸಾಕ್ಷಿ ಮನೆಯಲ್ಲೇ ಇದ್ದ ಹಾಗಾಯಿತು.

ನೆಮ್ಮದಿ ಕೆಟ್ಟದ್ದು ಇವತ್ತು ಬೆಳಿಗ್ಗೆ. ರಾತ್ರಿ ಕಾವಲಿನ ವಾಚ್‌ಮನ್ ಅಂಗಡಿಯ ಯಜಮಾನರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ನಾನು ಮುಟ್ಟಿಲ್ಲ ಸಾರ್. ಎಲ್ಲಾ ಆರಿರತ್ತೆ. ಇನ್ನೇನು ಕೂತ್ಕೋಬೇಕು, ಅಷ್ಟರಲ್ಲಿ ಪಟ್ ಅಂತ ಅಷ್ಟೂ ಹತ್ಕೊಳ್ಳತ್ತೆ. ಆ ಹಾಸಿಗೆ ಜಾಹೀರಾತಿನ ಹೆಂಗಸು ಮೈಮುರ್ಕೊಂಡು ಎದ್ದು ನನ್ನೇ ನೋಡಿ ನಗ್ತಾಳೆ. ಸ್ವಲ್ಪ ಹೊತ್ತಾದ್ಮೇಲೆ ತಾನೇ ಆರತ್ತೆ."

"ನಿನ್ನ ನೋಡಿ ನಗೋಕೆ ಅವಳಿಗೇನು ಬೇರೆ ಕೆಲಸ ಇಲ್ವಾ? ಒಬ್ಬನೇ ಇರೋಕೆ ಬೇಜಾರು, ಗುಂಡಿ ಒತ್ತಿ ಸಿನಿಮಾ ನೋಡ್ತೀಯ," ಎಂದರು ಯಜಮಾನರು. ಪ್ರತಿ ಡಬ್ಬಿಯ ಮೇಲೂ ಕೈಯಿಂದ ಒತ್ತುವ ಒಂದು ಗುಂಡಿ ಇತ್ತು. ಅನುಮಾನಕ್ಕೆ ಅಷ್ಟು ಸಾಕಾಯಿತು. "ಇವತ್ತು ರಾತ್ರಿ ನಾನೂ ಬಂದು ಕೂರ್ತೀನಿ. ನಿನ್ನ ಕೈವಾಡ ಅಂತ ಗೊತ್ತಾದ್ರೆ ನಾಳೆಯಿಂದ ಬರಬೇಡ."

ವಾಚ್‌ಮನ್ ಅವಳ ಕಡೆ ತಿರುಗಿದ. "ನೀವಾದ್ರೂ ಹೇಳಿ ಮೇಡಂ."

ಏನು ಹೇಳಿದರೆ ಏನಾದೀತೋ ಎಂದು ಅಳೆದು ತೂಗುವಷ್ಟರಲ್ಲಿ ಯಜಮಾನರು ಎದ್ದು ಹೋಗಿದ್ದರು. ಆ ಮನುಷ್ಯನ ಮುಖ ದಿನವಿಡೀ ಅವಳ ಕಣ್ಣಿಗೆ ಕಟ್ಟಿತ್ತು.

ಟಿಕ್.

ಅವಳು ದಡಕ್ಕನೆ ಎದ್ದು ಕೂತಳು. ಒಂದು ಸಲ ಟಿಕ್ ಎನ್ನಬೇಕಾದದ್ದು ಎರಡನೆಯ ಸಲ ಯಾಕೆ? ಫೋನ್ ನೋಡಿದರೆ ಅಂಗಡಿಯ ಅಷ್ಟೂ ಪರದೆಗಳು ಉರಿಯುತ್ತಿವೆ. ಬರಿಗಾಲಲ್ಲಿ ನಡುಮನೆಗೆ ಓಡಿದಳು.

ಅಲ್ಲಿ ಅತ್ತೆ ಟಿವಿ ಮುಂದೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿದ್ದ ಬೆನ್ನು ತುರಿಸುವ ಕೋಲನ್ನು ಬೀರುವಿನ ಸಂದಿಯಿಂದ ಆಗಷ್ಟೇ ಹೊರಗೆಳೆಯುತ್ತಿದ್ದರು. ಟಿವಿಯ ವೈರು ಅದೇ ಸಂದಿಯೊಳಗೆ ಇಳಿದಿತ್ತು.

"ಅತ್ತೆ, ಟಿವಿ ಪ್ಲಗ್ಗು ಅಲ್ಲಿಗೆ ಯಾವಾಗ ಹಾಕಿದ್ರಿ?"

"ಹಳೇದು ಕಿಡಿ ಹಾರಿಸ್ತಿತ್ತು. ಅಲ್ಲೊಂದು ಖಾಲಿ ಸಿಕ್ತು, ಹಾಕ್ದೆ." ಅತ್ತೆ ಕಣ್ಣು ಟಿವಿಯಿಂದ ಕೀಳಲಿಲ್ಲ. "ನನಗೇನು ತಿಳಿಯಲ್ವೇನೇ? ಅತ್ತೆ ರಾತ್ರಿ ಹೊತ್ತು ಟಿವಿ ನೋಡಬಾರ್ದು ಅಂತ ತಾನೇ ಯಂತ್ರ ಇಟ್ಟಿರೋದು? ಬಾಯಿಬಿಟ್ಟು ಹೇಳಬಹುದಿತ್ತು. ನೀನು ಆರಿಸು, ನಾನು ಹಾಕ್ತೀನಿ, ಧಾರಾವಾಹಿ ಮುಗಿದ್ಮೇಲೆ ನಾನೇ ಆರಿಸ್ತೀನಿ. ನೋಡೇಬಿಡೋಣ."

ಇಷ್ಟು ದಿನ ಮನೆಯಲ್ಲಿ ಒಂದು ಯುದ್ಧ ನಡೆದಿತ್ತು, ಅವಳಿಗೇ ಸುದ್ದಿ ಇರಲಿಲ್ಲ.

ಫೋನ್ ಹೊಡೆದುಕೊಂಡಿತು. ಯಜಮಾನರು.

"ಕಳ್ಳ ಸಿಕ್ಕಿಬಿದ್ದ ನೋಡಮ್ಮ. ಕೈ ತೊಳೆಯೋಕೆ ಹಿಂದೆ ಹೋಗಿದ್ದೆ. ಬರೋದ್ರೊಳಗೆ ಎಲ್ಲಾ ಹತ್ಕೊಂಡಿದೆ. ಇವನದೇ ಕೆಲಸ."

ಹಿಂದಿನಿಂದ ವಾಚ್‌ಮನ್ ದನಿ ಕೇಳಿತು. "ನಾನು ಟೀ ಬಗ್ಗಿಸ್ತಿದ್ದೆ ಸಾರ್."

ನಿಜ ಹೇಳಿದರೆ ತನ್ನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಅವನದು.

"ಸಾರ್, ಒಂದು ಕೆಲಸ ಮಾಡಿ. ಅವನ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ."

"ಯಾಕೆ?"

"ಅವನದೇ ಕೆಲಸ ಆದ್ರೆ ಕೈ ಹಿಡಿದಾಗ ಏನೂ ಆಗಬಾರ್ದಲ್ವಾ ಸಾರ್? ಫೋನ್ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡಿ."

ಫೋನನ್ನು ಕೈಯಿಂದ ಮುಚ್ಚಿ ಅತ್ತೆಯತ್ತ ಬಾಗಿದಳು. "ಅತ್ತೆ, ಒಂದ್ಸಲ ಆರಿಸಿ ಹಾಕಿ."

"ಈಗ್ಲಾ? ತಾಳಿ ಕಟ್ಟೋ ಹೊತ್ತಲ್ವಾ? ಒಂದು ವರ್ಷದಿಂದ ಕಾಯ್ತಿದೀನಿ ಕಣೆ."

ಕಾಯುವ ಹೊತ್ತಲ್ಲ ಅದು. ಮದುವೆಯಾದಂದಿನಿಂದ ಅತ್ತೆಯ ಮುಂದೆ ದನಿ ಎತ್ತದವಳು ಅವರ ಕೈಯಿಂದ ಕೋಲು ಕಸಿದು ಸಂದಿಯೊಳಗೆ ತೂರಿಸಿ ಡಬ್ಬಿಯ ಗುಂಡಿ ಒತ್ತಿದಳು. ಟಿಕ್. ಟಿವಿಯಲ್ಲಿ ಮದುವೆ ಕತ್ತಲಾಯಿತು.

"ಆರಿತು," ಎಂದರು ಯಜಮಾನರು. ದನಿ ಇಳಿದಿತ್ತು.

ಟಿಕ್.

"ಬಂತು ಕಣಮ್ಮ, ಎಲ್ಲಾ ಬಂತು. ಇವನ ಕೈ ನನ್ನ ಕೈಯಲ್ಲೇ ಇದೆ."

"ಬಿಡಿ ಸಾರ್, ನೋಯ್ತಿದೆ," ಎಂದ ವಾಚ್‌ಮನ್. "ಬೇಕಾದ್ರೆ ಆ ಹಾಸಿಗೆ ಹೆಂಗಸನ್ನೇ ಕೇಳಿ, ನಗ್ತಿದಾಳೆ ನೋಡಿ."

"ಸುಮ್ನಿರಪ್ಪ." ಯಜಮಾನರು ಪಿಸುಗುಟ್ಟಿದರು. "ಏನಮ್ಮ ಇದು?"

ಅವಳು ಒಂದೊಂದು ಮಾತನ್ನೂ ಆರಿಸಿ ಇಟ್ಟಳು. "ಡಬ್ಬಿಗಳ ಜೋಡಣೆಯಲ್ಲಿ ಒಂದು ತಪ್ಪಾಗಿದೆ ಸಾರ್. ಈಗ ಸಿಕ್ತು. ಈಗಲೇ ಸರಿ ಮಾಡ್ತೀನಿ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದು ಅವಳಿಗೆ ದೊಡ್ಡ ಸಮಾಧಾನ.

"ಮಾಡಮ್ಮ. ಇವನು ಇಲ್ಲೇ ಇರ್ತಾನೆ, ಇವನೇನೂ ಮಾಡಿಲ್ಲ. ನಾನು ಮನೆಗೆ ಹೊರಟೆ."

"ಟೀ ಕುಡ್ಕೊಂಡು ಹೋಗಿ ಸಾರ್," ಎಂದ ವಾಚ್‌ಮನ್.

"ನೀನೇ ಕುಡಿ," ಎಂದು ಯಜಮಾನರು ಫೋನ್ ಇಟ್ಟರು.

ಅವಳು ನಿಂತಲ್ಲೇ ಮನೆಯ ಡಬ್ಬಿಯನ್ನು ಗುಂಪಿನಿಂದ ತೆಗೆದುಹಾಕಿದಳು; ಅಂಗಡಿಯ ಪರದೆಗಳನ್ನು ಫೋನಿನಿಂದಲೇ ಆರಿಸಿದಳು. ಟಿವಿ ಆರಲಿಲ್ಲ. ಅತ್ತೆ ಅದನ್ನು ಗಮನಿಸಿದರು.

"ಸೋತೆ ಅಂತ ಒಪ್ಕೊಂಡ್ಯಾ?"

"ಒಪ್ಕೊಂಡೆ ಅತ್ತೆ. ಇನ್ಮೇಲೆ ಆರಲ್ಲ."

"ಹಾಗೆ ಬಾ ದಾರಿಗೆ." ಅತ್ತೆ ಕೋಲನ್ನು ವಾಪಸ್ ಇಸಿದುಕೊಂಡು, ಗೆದ್ದ ಬೆನ್ನನ್ನು ಸಾವಕಾಶವಾಗಿ ತುರಿಸಿಕೊಂಡರು.

ಗಂಡ ಕಣ್ಣುಜ್ಜುತ್ತ ಬಾಗಿಲಿಗೆ ಬಂದ. "ಏನದು ಗಲಾಟೆ?"

ಅವಳು ಬೀರುವಿನ ಸಂದಿ ನೋಡಿದಳು, ಅತ್ತೆಯ ಮುಖ ನೋಡಿದಳು. ಯಜಮಾನರಿಗೆ ಹೇಳಿದರೆ ಕೆಲಸ ಹೋದೀತು. ಅತ್ತೆಗೆ ಹೇಳಿದರೆ ಗೆಲುವು ಹೋದೀತು. ಈತನಿಗೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಇಬ್ಬರಿಗೂ ಗೊತ್ತಾದೀತು. ಇದು ತನ್ನ ಹೊಟ್ಟೆಯಲ್ಲೇ ಇರಲಿ ಎಂದು ನಿಶ್ಚಯಿಸಿದಳು.

"ಏನಿಲ್ಲ," ಎಂದಳು. "ತಾಳಿ ಕಟ್ಟಿದ್ರು. ಮಲ್ಕೊಳ್ಳಿ."