ಗೋಡೆ ಹತ್ತುವ ಬೆರಳುಗಳು

ಹೊಲಿಗೆ ಕೆಲಸದ ಹೆಂಗಸೊಬ್ಬಳ ಸೆಟೆದ ಬಲಭುಜಕ್ಕೆ ಆಸ್ಪತ್ರೆಯಲ್ಲಿ ನಲವತ್ತು ದಿನ ಕರೆಂಟ್ ಕೊಟ್ಟರು. ಯಂತ್ರದ ದೀಪ ಉರಿಯುತ್ತಿತ್ತು. ಐದನೆಯ ದಿನದಿಂದ ಕರೆಂಟ್ ಬರುತ್ತಿರಲಿಲ್ಲ. ನಲವತ್ತೊಂದನೆಯ ದಿನ ಅವಳ ಕೈ ಕಿವಿಯವರೆಗೂ ಏಳಲಿಲ್ಲ.

ಆಕೆಯ ಭುಜಕ್ಕೆ ಕರೆಂಟಿನ ಪ್ಯಾಡು ಅಂಟಿಸುತ್ತಿದ್ದವಳು ಇವಳು; ಹನ್ನೊಂದು ವರ್ಷ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಫಿಸಿಯೋಥೆರಪಿ ಮಾಡಿದವಳು. ರೋಗಿಗಳು ಬರುವ ಮುಂಚೆ ಪ್ಯಾಡನ್ನು ತನ್ನ ಮುಂಗೈಗೇ ಅಂಟಿಸಿ, ಇರುವೆ ಹರಿದಂತೆ ಜುಮುಗುಟ್ಟುತ್ತದೆಯೇ ಎಂದು ನೋಡುವುದು ಅವಳ ರೂಢಿ. ಐದನೆಯ ದಿನ ಇರುವೆ ಹರಿಯಲಿಲ್ಲ. ಹೋಗಿ ಮೂಳೆ ಡಾಕ್ಟರಿಗೆ ಹೇಳಿದಳು. ಆತ ಎಕ್ಸ್‌ರೇಯಿಂದ ಕಣ್ಣು ಕೀಳದೆ, "ದೀಪ ಉರೀತಿದೆ ತಾನೆ? ಸಾಕು ಬಿಡು. ಅರ್ಧ ನೋವು ದೀಪ ನೋಡಿದ್ರೇ ಹೋಗುತ್ತೆ" ಎಂದ. ಇವಳು ಬಾಯಿಗೆ ಬೀಗ ಹಾಕಿಕೊಂಡು ಇನ್ನೂ ಮೂವತ್ತೈದು ದಿನ ಅಂಟಿಸಿದಳು. ಕೊನೆಗೆ ಆ ಹೆಂಗಸು ಎಡಗೈಯಿಂದ ಇವಳ ಕೈ ಹಿಡಿದು, "ನಿಮ್ಮ ಕೈಗುಣ ಒಳ್ಳೇದೇ ಕಣಮ್ಮ, ನನ್ನ ಹಣೆಬರಹ ಸರಿ ಇಲ್ಲ" ಎಂದಳು.

ಅವತ್ತು ಊಟಕ್ಕೆ ಕೂತರೆ ಬೆರಳಲ್ಲಿ ಪ್ಯಾಡಿಗೆ ಸವರುವ ಜೆಲ್ಲಿನ ವಾಸನೆ. ಮೂರು ಸಲ ಸೋಪು ಹಾಕಿದರೂ ಹೋಗದು. ಆ ನೆಲಮಾಳಿಗೆಯ ಮೇಣದ ಪಾತ್ರೆ ಕಣ್ಣಿಗೆ ಕಟ್ಟಿತು: ಸಂದುನೋವಿನವರೆಲ್ಲ ಕೈ ಅದ್ದಿ ಅದ್ದಿ, ಕೂದಲು, ಸತ್ತ ಚರ್ಮ, ಯಾರದೋ ಉಗುರು ತೇಲುವ ಮೇಣ. ಅದನ್ನು ಸೋಸಿ ಮತ್ತೆ ಕಾಯಿಸುತ್ತಿದ್ದವಳೂ ತಾನೇ. ತಟ್ಟೆ ಸರಿಸಿ ಎದ್ದಳು. ಮರುದಿನವೇ ಕೆಲಸಕ್ಕೆ ತಿಲಾಂಜಲಿ ಇಟ್ಟಳು. ಇನ್ನು ತನ್ನದೇ ಕ್ಲಿನಿಕ್ಕು.

ಅಣ್ಣ ಬಡಗಿ. ತನ್ನ ಅಂಗಡಿಯ ಮುಂಭಾಗವನ್ನು ತಂಗಿಗೆ ಬಿಟ್ಟುಕೊಟ್ಟ. ಇವಳು ಸೀಮೆಸುಣ್ಣ ಹಿಡಿದು ನೆಲದ ಮೇಲೇ ಗೆರೆ ಎಳೆದಳು: ಇಲ್ಲಿ ಮಂಚ, ಇಲ್ಲಿ ಹಿಡಿದು ನಡೆಯಲು ಜೋಡಿ ಕಂಬಿ, ಇಲ್ಲಿ ಗಾಲಿಕುರ್ಚಿ ಒಂದು ಸುತ್ತು ತಿರುಗಬೇಕು. ಬಾಗಿಲ ಮುಂದಿನ ಎರಡು ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದಳು. ಕಕ್ಕಸಿನ ಗೋಡೆಗೆ ಕಬ್ಬಿಣದ ಹಿಡಿಕೆ ಜಡಿಸಿದಳು.

"ಮಂಚ ಮಂಡಿಗಿಂತ ನಾಲ್ಕು ಬೆರಳು ಎತ್ತರ ಇರಲಿ ಅಣ್ಣ. ಮಂಡಿನೋವಿನವರು ತಗ್ಗಿನಿಂದ ಏಳಲಾರರು."

"ಯಾರ ಮಂಡಿ? ನಂದಾ, ನಿಂದಾ?"

"ಅತ್ತಿಗೇದು. ನೋವಿರೋದು ಅವರಿಗೆ."

ಅಣ್ಣ ಕುಕ್ಕರುಗಾಲಲ್ಲಿ ಕೂತು ಹೆಂಡತಿಯ ಮಂಡಿಗೆ ಟೇಪು ಹಿಡಿದ. "ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಇವತ್ತು ನನ್ನ ಕಾಲು ಹಿಡಿದ್ರಲ್ಲ" ಎಂದಳು ಅತ್ತಿಗೆ.

ಒಂದು ಗೋಡೆಗೆ ಸೊಂಟದೆತ್ತರದಿಂದ ತಲೆಯ ಮೇಲಿನವರೆಗೆ, ಬೆರಳಗಲಕ್ಕೊಂದರಂತೆ ನೀಲಿ ಗೆರೆ ಬರೆಸಿದಳು. ಸೆಟೆದ ಭುಜದವರು ಎರಡು ಬೆರಳನ್ನು ಕಾಲು ಮಾಡಿಕೊಂಡು ಗೆರೆಯಿಂದ ಗೆರೆಗೆ ಹತ್ತಬೇಕು. ಮೊದಲು ಹತ್ತಿಸಿದ್ದು ಹೊಲಿಗೆಯ ಹೆಂಗಸನ್ನೇ. ಮನೆ ಹುಡುಕಿಕೊಂಡು ಹೋಗಿ, ದೀಪದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿ ಕರೆತಂದಿದ್ದಳು. ಆಕೆ ಬಯ್ಯಲೂ ಇಲ್ಲ, ಅಳಲೂ ಇಲ್ಲ. "ನಲವತ್ತು ದಿನ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟು ಬರ್ತಿದ್ದೆ" ಎಂದಷ್ಟೇ ಹೇಳಿ ಗೋಡೆಗೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ಇದನ್ನ ಮನೇಲೂ ಮಾಡಬಹುದಾ?"

"ಅದಕ್ಕೇ ಕಲಿಸ್ತಿರೋದು. ದಿನಕ್ಕೆ ಮೂರು ಸಲ ಮಾಡಿ. ಇಲ್ಲಿಗೆ ವಾರಕ್ಕೊಮ್ಮೆ ಬಂದ್ರೆ ಸಾಕು."

ಮೂರನೆಯ ವಾರ ಆಕೆಯ ಬೆರಳು ಕಿವಿ ದಾಟಿತು. ಆದರೆ ಕ್ಲಿನಿಕ್ಕಿಗೆ ಬರುತ್ತಿದ್ದವರು ಆಕೆ ಮತ್ತು ಅತ್ತಿಗೆ, ಇಬ್ಬರೇ. ಅಣ್ಣ ಇವಳನ್ನು ಒಂದು ಮಾತೂ ಕೇಳದೆ ಅದೇ ಮೂಳೆ ಡಾಕ್ಟರಿಗೆ ಕ್ಲಿನಿಕ್ಕು ನೋಡಲು ಬನ್ನಿ ಎಂದು ಹೇಳಿ ಬಂದ.

"ಡಾಕ್ಟ್ರು ಕಳಿಸದೆ ಇನ್ಯಾರು ಬರ್ತಾರೆ? ನಾನು ಮಾಡಿದ ಕುರ್ಚಿಗಳಾ? ಅವಕ್ಕೂ ನಾಲ್ಕು ಕಾಲು ನೋವು ಅಂತ ಬರ್ಕೋ ಹಂಗಾದ್ರೆ."

ಡಾಕ್ಟರು ಮಧ್ಯಾಹ್ನ ಉಂಡು ಬಂದ, ಕಡ್ಡಿಯಿಂದ ಹಲ್ಲು ಕೆದಕುತ್ತಾ. ರೋಗಿಗಳು ಮುಖ ಇಟ್ಟು ಮಲಗುವ ಚಾಪೆಯ ಮೇಲೆ ಬೂಟುಗಾಲಲ್ಲೇ ನಡೆದ. ಹಲ್ಲಿನಿಂದ ಬಂದದ್ದನ್ನು ಕಡ್ಡಿಯ ತುದಿಯಲ್ಲಿ ಹಿಡಿದು ನೋಡಿ, ಹೊಸ ಮಂಚದ ಅಂಚಿಗೆ ಒರೆಸಿದ.

"ಚೆನ್ನಾಗಿದೆಯಮ್ಮ. ನನ್ನ ರೋಗಿಗಳನ್ನೆಲ್ಲ ನಿನಗೇ ಕಳಿಸ್ತೀನಿ. ಈ ಗೋಡೆ ಮಾತ್ರ ಬೇಡ."

"ಯಾಕೆ ಸರ್?"

"ಗೋಡೆ ಎಲ್ಲರ ಮನೇಲೂ ಇದೆ. ಮನೇಲೇ ಮಾಡ್ಕೊಂಡ್ರೆ ನಾಳೆ ನಿನ್ನ ಹತ್ರ ಯಾರು ಬರ್ತಾರೆ, ನನ್ನ ಹತ್ರ ಯಾರು ಬರ್ತಾರೆ? ಮಲಗಿಸು, ವೈರು ಅಂಟಿಸು, ನಾಳೆ ಬಾ ಅನ್ನು. ಅಷ್ಟೇ ವಿದ್ಯೆ."

ಗೋಡೆಯ ಬಳಿ ಹೊಲಿಗೆಯ ಹೆಂಗಸು ಬೆರಳು ನಿಲ್ಲಿಸಿ ತಿರುಗಿದಳು. ಡಾಕ್ಟರು ಅವಳ ಮುಖ ನೋಡಿದ. ಗುರುತು ಸಿಗಲಿಲ್ಲ. ಆಕೆಯ ನಲವತ್ತು ದಿನದ ನಲವತ್ತು ಚೀಟಿಗೂ ರುಜು ಹಾಕಿದ ಮನುಷ್ಯ.

"ಇವರಿಗೇನು, ಭುಜವಾ? ಮಲಗಿಸು ಇವರನ್ನೂ. ಮೂವತ್ತು ದಿನದ ಕರೆಂಟು ಬರೀತೀನಿ."

ಹೆಂಗಸು ಇವಳತ್ತ ನೋಡುತ್ತಾ ನಿಂತಳು.

ಅಣ್ಣ ಒಳಗಿನಿಂದ ಬಿಳಿ ಬಣ್ಣದ ಡಬ್ಬ ತಂದ. ಕುಂಚ ಅದ್ದಿ ತಂಗಿಯ ಕೈಗೆ ಚಾಚಿದ. "ಹಟ ಬೇಡಮ್ಮ. ಗಳಿಗೆ ಕೆಲಸ. ಕ್ಲಿನಿಕ್ಕು ಮುಚ್ಚೋದಕ್ಕಿಂತ ಗೋಡೆ ಮುಚ್ಚೋದು ವಾಸಿ. ನೀನೇ ಬಳಿ, ಡಾಕ್ಟ್ರಿಗೂ ಸಮಾಧಾನ."

ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಇವಳು ಕೈ ಚಾಚಲಿಲ್ಲ.

"ಬಳಿಯಲ್ಲ ಅಣ್ಣ" ಎಂದಳು. "ಇವರನ್ನ ಮಲಗಿಸೋದೂ ಇಲ್ಲ."