ಅತ್ತಿಯೋ ಹತ್ತಿಯೋ

ಎಲ್ಲಿಂದ ಶುರು ಮಾಡಲಿ? ಮದ್ದೂರಿನಿಂದ ಮಾಡಿದರೆ ವಡೆಯ ವಾಸನೆಗೇ ಒಂದು ಪುಟ ಹೋಗುತ್ತದೆ. ಮಂಡ್ಯದಿಂದ ಮಾಡಿದರೆ ನೀವು ಕಬ್ಬು ಕೇಳುತ್ತೀರಿ. ಬೇಡ. ಮಳವಳ್ಳಿ ದಾಟಿ ಮುತ್ತತ್ತಿ ಕಡೆ ಹೊರಟಿರುವ, ನೆತ್ತಿಯ ಮೇಲೆ ಕ್ಯಾಮೆರಾ ಹೊತ್ತ ಕಾರಿನಿಂದ ಶುರು ಮಾಡೋಣ. ಒಳಗೆ ಸಿದ್ದರಾಜು. ಅವನ ಹೊಟ್ಟೆಯೊಳಗೆ ಬೆಂಕಿ.

(ಹಸಿವಲ್ಲ, ಹೊಟ್ಟೆಕಿಚ್ಚು. ವಡೆ ತಿಂದೇ ಬಂದಿದ್ದಾನೆ.)

೧. ಕಾರುಗಳಿಗೆ ದಾರಿ ಹೇಳುವ ಮ್ಯಾಪಿಗೆ ರಸ್ತೆಗಳ ಡೇಟಾ ಕೂಡಿಸುವುದು ಅವನ ಕೆಲಸ. ತಿರುವು, ಹಂಪು, ಒನ್‌ವೇ, ದಾರಿಯ ಹೆಸರು. ಆರು ವರ್ಷ ಸವೆಸಿದ್ದಾನೆ. ಅಮೃತ ಸೇರಿದ್ದು ಹೋದ ವರ್ಷ. ಈಗ ಟೀಮ್ ಲೀಡರ್ ಹುದ್ದೆ ಒಂದೇ ಒಂದು ಖಾಲಿ ಇದೆ, ತಪ್ಪು ಕಡಿಮೆ ಇದ್ದವರಿಗೆ. ಅಮೃತಳದು ಒಂದೂ ತಪ್ಪಿಲ್ಲ. ಅದನ್ನು ನೆನೆದರೆ ಅವನಿಗೆ ಅನ್ನ ಸೇರುವುದಿಲ್ಲ.

೨. (ಇಲ್ಲೊಂದು ಪ್ರೇಮಪ್ರಸಂಗ ಬರೆದಿದ್ದೆ. "ಲವ್ವೂ ಇಲ್ಲ ಗಿವ್ವೂ ಇಲ್ಲ, ಒಡ್ದಾಕಿ ಸಾರ್ ಅದ್ನ" ಎಂದು ಸಿದ್ದರಾಜು ಗದರಿದ. ಹೊಡೆದುಹಾಕಿದೆ.)

೩. ಅವಳು ಬಂದ ಮೊದಲ ಮೀಟಿಂಗಿನಲ್ಲಿ ಅವನು "ಐವೇ" ಅಂದಿದ್ದ. "ಐವೇ ಅಲ್ಲ ಸಿದ್ದರಾಜಣ್ಣ, ಹೈವೇ" ಅಂದಳು. ಇಡೀ ಆಫೀಸು ನಕ್ಕಿತು. ಅಂದಿನಿಂದ ಅವನು ಹಕಾರಕ್ಕೆ ಕಾವಲು ಕೂತಿದ್ದಾನೆ. ಹೋಟೆಲಿನಲ್ಲಿ ಒಮ್ಮೆ "ಎರಡು ಹಿಡ್ಲಿ" ಕೇಳಿದ್ದೂ ಉಂಟು.

ಹಾಗಾಗಿ ಬೆಳಿಗ್ಗೆ ಅವಳ ಡೇಟಾದಲ್ಲಿ 'ಅತ್ತಿಮರದ ದಾರಿ' ಕಂಡಾಗ ಕುಣಿದಾಡಿಬಿಟ್ಟ. ಹಳ್ಳಿಯವರು ಹಕಾರ ನುಂಗಿ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದಾಳೆ! 'ಹತ್ತಿಮರದ ದಾರಿ' ಎಂದು ತಿದ್ದಿ, ಅವಳ ಮೇಲೆ ತಪ್ಪು ಹೊರಿಸಿ ಆಫೀಸಿಗೆ ಕಳಿಸಿದ. ಸಾಕ್ಷಿಗೆ ಮರದ ಫೋಟೊ ಬೇಕು, ಸಂಜೆ ಐದರೊಳಗೆ. ಆರೋಪ ಸುಳ್ಳಾದರೆ ತಪ್ಪು ಅವನ ಹೆಸರಿಗೇ ಬೀಳುತ್ತದೆ.

(ನಗಬೇಡಿ. ಬಹುಮಾನ ಬಂದವರ ಪುಸ್ತಕವನ್ನು ನಾನೂ ಅಚ್ಚಿನ ತಪ್ಪು ಹುಡುಕುತ್ತಲೇ ಓದುವವನು.)

೪. ಆ ಮರದ ಕೆಳಗೆ ಆಡು ಮೇಯಿಸುತ್ತ ಪಟ್ಟಲಮ್ಮ ಎಂಬ ಅಜ್ಜಿ ಕೂತಿದ್ದಳು.

"ಅವ್ವಾ, ಇದು ಹತ್ತಿಮರ ತಾನೆ?"

"ಊಂ ಕಣಪ್ಪ, ಅತ್ತಿಮರ."

"ಹತ್ತಿನೋ, ಅತ್ತಿನೋ?"

"ಅತ್ತಿ ಕಣ್ಲಾ. ಬತ್ತಿ ಒಸೆಯೋ ಅತ್ತಿ ಅಲ್ಲ, ಅತ್ತಿ! ಅಣ್ಣು ಕಾಣಾಕಿಲ್ವಾ?"

ತಲೆಯೆತ್ತಿದ. ಕಾಂಡದ ತುಂಬ ಕೆಂಪು ಹಣ್ಣುಗಳ ಗೊಂಚಲು.

೫. ಮುಕ್ತಾಯ ಒಂದು: ಆರೋಪ ವಾಪಸ್ ಪಡೆದ. (ಇಷ್ಟು ಒಳ್ಳೆಯವನನ್ನು ನೀವು ನಂಬುತ್ತೀರಾ?)

ಮುಕ್ತಾಯ ಎರಡು: ಹಣ್ಣು ಕಾಣದ ಹಾಗೆ ಬರೀ ಎಲೆಯ ಫೋಟೊ ತೆಗೆದ.

"ಸಾರ್, ಕಥೆ ತಾನೆ? ಹತ್ತಿಮರ ಅಂತ್ಲೇ ಬರ್ದು ಬುಡಿ. ನಿಮ್ಗೇನು ಓಯ್ತದೆ?" ಎಂದ ಸಿದ್ದರಾಜು.

ಬರೆಯಬಹುದಿತ್ತು. ಪೆನ್ನನ್ನೂ ಎತ್ತಿದ್ದೆ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅಮೃತ. ಐದಕ್ಕೆ ಹತ್ತು ನಿಮಿಷ.

"ಅಲೋ" ಅಂದುಬಿಟ್ಟ.

ಅವಳು ನಗಲಿಲ್ಲ. "ಅಣ್ಣ, ನಾನು ಮರ ನೋಡ್ಲೇ ಇಲ್ಲ. ಯಾರೋ ಅಜ್ಜಿ ಹೇಳಿದ್ದನ್ನ ಬರ್ಕೊಂಡೆ. ನೀವು ಸ್ಥಳದಲ್ಲೇ ಇದೀರ. ನೀವು ಹೇಳಿದ್ದನ್ನೇ ಒಪ್ಕೊತೀನಿ. ಅದು ಯಾವ ಮರ?"

ಸಿದ್ದರಾಜು ಹಣ್ಣುಗಳನ್ನು ನೋಡಿದ. ನನ್ನನ್ನು ನೋಡಿದ. ಬಾಯಿ ತೆರೆದ. ಮುತ್ತತ್ತಿ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಯಿತು.

"…ತ್ತಿ ಕಣಮ್ಮ" ಅಂದ.

ಮೊದಲ ಅಕ್ಷರ ನನಗೆ ಕೇಳಿಸಲಿಲ್ಲ.